ಮಾತು ನಿಂತಿತೋ, ಮಷೀನೇ ನಿಂತಿತೋ?

ನೋಡಮ್ಮಾ, ಮುಂದಿನ ವಾರದಿಂದ ಆನ್‌ಕಾಲ್ ಫೋನು ನಿನ್ನ ಕೈಗೆ ಬರುತ್ತದೆ. ಲಿನಕ್ಸ್ ನಿನಗೆ ಚೆನ್ನಾಗಿ ಗೊತ್ತು, ಅದರ ಬಗ್ಗೆ ನಾನು ಹೇಳಬೇಕಾದ್ದೇನೂ ಇಲ್ಲ. ಆದರೆ ಯಾವುದೋ ವರ್ಚುವಲ್ ಮಷೀನ್ ರೀಬೂಟ್ ಆಗಿ ಮೇಲೇಳದೆ, ಎಸ್‌ಎಸ್‌ಎಚ್ ಸಿಗದೆ, ಸೀರಿಯಲ್ ಕನ್ಸೋಲ್ ಒಂದೇ ದಾರಿ ಎಂದಾಗ ಎದುರಿಗೆ ಬರುವ ಕಪ್ಪು ಪರದೆ ಇದೆಯಲ್ಲ, ಅದರ ಬಗ್ಗೆ ನಾಲ್ಕು ಮಾತು ಹೇಳಬೇಕು. ಅಂಥ ಹೊತ್ತಿನಲ್ಲಿ ಕೈ ತಾನಾಗಿಯೇ ರೀಸೆಟ್ ಕಡೆಗೆ ಹೋಗುತ್ತದೆ. ಹೋಗಗೊಡಬೇಡ. ನಿಂತಿರುವುದು ಮಷೀನೋ ಅಥವಾ ಅದರ ಮಾತು ಮಾತ್ರವೋ ಎಂದು ಮೊದಲು ಕೇಳಿಕೊ.

ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಒಳಗೆ ಡೇಟಾಬೇಸ್ ಸರಾಗವಾಗಿ ನಡೆಯುತ್ತಿದ್ದು ಕನ್ಸೋಲ್ ಮಾತ್ರ ಮೂಕವಾಗಿರುವ ವಿಎಂ ಇರುತ್ತದೆ. ಕರ್ನಲ್ ಪ್ಯಾನಿಕ್ ಆಗಿ ನಿಜಕ್ಕೂ ಕೈಚೆಲ್ಲಿದ ವಿಎಂ ಕೂಡ ಇರುತ್ತದೆ. ಮೊದಲನೆಯದರ ಪವರ್ ಕಿತ್ತರೆ ಅಲ್ಲಿಯವರೆಗೆ ಇಲ್ಲದಿದ್ದ ತೊಂದರೆಯನ್ನು ನಾವೇ ಕರೆದು ಕೂರಿಸಿದಂತೆ. ಎರಡನೆಯದನ್ನು ರೀಸೆಟ್ ಮಾಡಿದರೆ ಪರದೆಯ ಮೇಲೆ ಉಳಿದಿದ್ದ ಒಂದೇ ಒಂದು ಸಾಕ್ಷಿ ಅಳಿಸಿಹೋಗುತ್ತದೆ. ಎರಡರಲ್ಲೂ ನಷ್ಟ ನಮಗೇ.

ತಿಳಿಯುವುದು ಕಷ್ಟವಲ್ಲ. ನಮ್ಮಲ್ಲಿರುವುದು ಹೆಚ್ಚಾಗಿ ಕೆವಿಎಂ ಮತ್ತು ಲಿಬ್‌ವರ್ಟ್, ಆದ್ದರಿಂದ ಅದರದ್ದನ್ನೇ ಹೇಳುತ್ತೇನೆ. ಹೋಸ್ಟ್‌ನಲ್ಲಿ ವರ್ಶ್ ಕಮಾಂಡಿನಿಂದ ಆ ವಿಎಂನ ಸ್ಥಿತಿ ಕೇಳು: ರನ್ನಿಂಗ್ ಎನ್ನುತ್ತದೋ, ಪಾಸ್ಡ್ ಎನ್ನುತ್ತದೋ? ಪಾಸ್ಡ್ ಆಗಿದ್ದರೆ ಒಳಗಿನ ಲಿನಕ್ಸ್‌ನ ತಪ್ಪು ಹುಡುಕುವ ಮೊದಲು ಹೋಸ್ಟ್‌ನ ಸ್ಟೋರೇಜ್ ತುಂಬಿದೆಯೇ ನೋಡು, ಏಕೆಂದರೆ ಡಿಸ್ಕ್ ಬರೆಯಲಾಗದೆ ಹೋದಾಗ ಕ್ಯೂಎಮು ವಿಎಂ ಅನ್ನು ಹಾಗೆ ತಡೆದು ನಿಲ್ಲಿಸುವುದುಂಟು. ರನ್ನಿಂಗ್ ಇದ್ದರೆ ಅದರ ಸಿಪಿಯು ಮತ್ತು ಡಿಸ್ಕ್ ಲೆಕ್ಕವನ್ನು ಸ್ವಲ್ಪ ಬಿಡುವು ಕೊಟ್ಟು ಎರಡು ಸಲ ತೆಗೆದುಕೊ. ಡಿಸ್ಕ್ ಓದು-ಬರಹದ ಅಂಕಿ ಏರುತ್ತಿದ್ದರೆ ಒಳಗೆ ಯಾರೋ ಕೆಲಸ ಮಾಡುತ್ತಿದ್ದಾರೆ. ಡಿಸ್ಕ್ ಸುಮ್ಮನಿದ್ದು ಒಂದು ವಿಸಿಪಿಯು ಪೂರ್ತಿ 100 ಪ್ರತಿಶತಕ್ಕೆ ಅಂಟಿಕೊಂಡಿದ್ದರೆ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಎಂದು ಅನುಮಾನಿಸಬಹುದು. ವಿಎಂಗೆ ಗ್ರಾಫಿಕ್ಸ್ ಕಾರ್ಡ್ ಕೊಟ್ಟಿದ್ದರೆ ವರ್ಶ್‌ನಲ್ಲೇ ಸ್ಕ್ರೀನ್‌ಶಾಟ್ ತೆಗೆಯಬಹುದು. ಸೀರಿಯಲ್‌ನಲ್ಲಿ ಬಾರದ ಸಂದೇಶ ಅಲ್ಲಿ ಬಂದು ಕೂತಿರುವುದು ತೀರಾ ಸಾಮಾನ್ಯ.

ಕನ್ಸೋಲ್‌ಗೆ ಸೇರಿದ ಮೇಲೆ ಎಂಟರ್ ಒಮ್ಮೆ ಒತ್ತು. ಇದನ್ನು ಸಣ್ಣ ಮಾತೆಂದು ತಳ್ಳಬೇಡ. ಲಾಗಿನ್ ಪ್ರಾಂಪ್ಟ್ ನೀನು ಸೇರುವುದಕ್ಕಿಂತ ಮೊದಲೇ ಬಂದು ಹೋಗಿರುತ್ತದೆ, ಅದನ್ನು ಯಾರೂ ನಿನಗಾಗಿ ಎತ್ತಿಟ್ಟಿರುವುದಿಲ್ಲ. ಒಂದು ಎಂಟರ್‌ಗೆ ಹೊಸ ಪ್ರಾಂಪ್ಟ್ ಬರುತ್ತದೆ. ಬಾರದಿದ್ದರೆ ಕಂಟ್ರೋಲ್-ಕ್ಯೂ ಒತ್ತಿ ನೋಡು. ಯಾರಾದರೂ ಅಭ್ಯಾಸಬಲದಿಂದ ಸೇವ್ ಮಾಡಲು ಕಂಟ್ರೋಲ್-ಎಸ್ ಒತ್ತಿದ್ದರೆ ಟರ್ಮಿನಲ್ ಅಲ್ಲಿಗೇ ಬಾಯಿ ಮುಚ್ಚಿರುತ್ತದೆ. ಬೇರೆಯವರ ಸೆಷನ್ ತೆರೆದಿದೆ ಎಂದು ಲಿಬ್‌ವರ್ಟ್ ಒಳಗೆ ಬಿಡದಿದ್ದರೆ, ಆ ಇನ್ನೊಬ್ಬರು ನಿಜಕ್ಕೂ ಕೆಲಸದಲ್ಲಿದ್ದಾರೋ ಎಂದು ವಿಚಾರಿಸಿಕೊಂಡೇ ಫೋರ್ಸ್ ಬಳಸು.

ಇಷ್ಟಾದರೂ ಮೌನವೇ ಎಂದರೆ, ಈಗ ಆ ಮೌನ ಎಲ್ಲಿಂದ ಶುರುವಾಯಿತು ಎಂದು ನೋಡಬೇಕು. ನನ್ನ ಮಾತಿನ ತಿರುಳು ಇದೇ. ಸೀರಿಯಲ್ ಪೋರ್ಟ್ ಒಂದೇ ಆದರೂ ಅದರಲ್ಲಿ ಮಾತಾಡುವವರು ಒಬ್ಬರಲ್ಲ. ಮೊದಲು ಫರ್ಮ್‌ವೇರ್, ಆಮೇಲೆ ಗ್ರಬ್, ಆಮೇಲೆ ಕರ್ನಲ್, ಅದಾದ ಮೇಲೆ ಇನಿಟ್‌ರಾಮ್‌ಎಫ್‌ಎಸ್ ಮತ್ತು ಸಿಸ್ಟಮ್‌ಡಿ, ಕೊನೆಗೆ ಲಾಗಿನ್ ಕೇಳುವ ಗೆಟ್ಟಿ. ಒಬ್ಬೊಬ್ಬರಿಗೂ ‘ಸೀರಿಯಲ್‌ನಲ್ಲಿ ಮಾತಾಡು’ ಎಂದು ಬೇರೆ ಬೇರೆಯಾಗಿ ಹೇಳಬೇಕು. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ಗ್ರಬ್ ಮೆನು ಚೆಂದವಾಗಿ ಬಂದು ‘ಲೋಡಿಂಗ್ ಇನಿಶಿಯಲ್ ರಾಮ್‌ಡಿಸ್ಕ್’ ಎಂಬ ಸಾಲಿನ ನಂತರ ಕತ್ತಲಾದರೆ, ರಾಮ್‌ಡಿಸ್ಕ್ ಕೆಟ್ಟಿದೆ ಎಂದು ಹೊಸಬರು ಹಟ ಹಿಡಿಯುತ್ತಾರೆ. ಅದು ಗ್ರಬ್ ಆಡಿದ ಕೊನೆಯ ಮಾತು, ಅಷ್ಟೇ. ಅದರ ಮುಂದಿನವನು ಕರ್ನಲ್. ಅವನಿಗೆ ಸೀರಿಯಲ್‌ನ ಸುದ್ದಿಯನ್ನೇ ಯಾರೂ ಹೇಳಿಲ್ಲದಿರಬಹುದು. ಕೊನೆಯ ಸಾಲನ್ನು ಅಪರಾಧಿ ಎನ್ನುವ ಮೊದಲು, ಅದರ ನಂತರ ಮಾತಾಡಬೇಕಿದ್ದವರು ಯಾರು ಎಂದು ಕೇಳು.

ಕರ್ನಲ್‌ಗೆ ಹೇಳುವುದು ಕಮಾಂಡ್‌ಲೈನ್‌ನ ‘ಕನ್ಸೋಲ್=’ ಎಂಬ ಸೂಚನೆಯಿಂದ. ಮೊದಲ ಸೀರಿಯಲ್ ಪೋರ್ಟ್‌ಗೆ ಟಿಟಿವೈ-ಎಸ್-0, ವೇಗ 115200. ಟೈಪ್ ಮಾಡುವಾಗ ಎಸ್ ದೊಡ್ಡಕ್ಷರ, ಮಧ್ಯೆ ಗೀಟು ಇಲ್ಲ, ಕೊನೆಯದು ಸೊನ್ನೆ, ‘ಓ’ ಅಕ್ಷರ ಅಲ್ಲ. ಈ ಸೂಚನೆಯನ್ನು ಒಂದಕ್ಕಿಂತ ಹೆಚ್ಚು ಸಲ ಕೊಡಬಹುದು: ಪರದೆಗೆ ಟಿಟಿವೈ-0, ಸೀರಿಯಲ್‌ಗೆ ಟಿಟಿವೈ-ಎಸ್-0. ಕರ್ನಲ್ ತನ್ನ ಸಂದೇಶಗಳನ್ನು ಎರಡಕ್ಕೂ ಕಳಿಸುತ್ತದೆ. ಆದರೆ ಕೊನೆಯಲ್ಲಿ ಬರೆದದ್ದು ಯಾವುದೋ ಅದೇ /ಡೆವ್/ಕನ್ಸೋಲ್ ಆಗುತ್ತದೆ, ಸಿಸ್ಟಮ್‌ಡಿ ಮಾತಾಡುವುದು ಅಲ್ಲಿ ಮಾತ್ರ. ಸೀರಿಯಲ್ ಮೊದಲು, ಪರದೆ ಆಮೇಲೆ ಎಂದು ಬರೆದಿದ್ದರೆ ಏನಾಗುತ್ತದೆ ನೋಡು: ಕರ್ನಲ್ ಸಾಲುಗಳು ಸೀರಿಯಲ್‌ನಲ್ಲಿ ದಡದಡನೆ ಬರುತ್ತವೆ, ರೂಟ್ ಫೈಲ್‌ಸಿಸ್ಟಮ್ ಸಿಕ್ಕಿತು ಎನ್ನುವ ತನಕ ಎಲ್ಲವೂ ಸರಿ, ಆಮೇಲೆ ತಟ್ಟನೆ ನಿಶ್ಶಬ್ದ. ಬೂಟ್ ಅರ್ಧಕ್ಕೆ ನಿಂತಿತು ಎಂದು ಬರುವ ಕರೆಗಳಲ್ಲಿ ಎಷ್ಟೋ ಇದೇ ಆಗಿರುತ್ತವೆ. ಬೂಟ್ ನಿಂತಿಲ್ಲ, ಸಿಸ್ಟಮ್‌ಡಿ ‘ಓಕೆ’, ‘ಓಕೆ’ ಎನ್ನುತ್ತಾ ಯಾರೂ ನೋಡದ ಪರದೆಯ ಮೇಲೆ ಮುಂದೆ ಹೋಗಿದೆ. ಅಥವಾ ಅಲ್ಲೇ ಯಾವುದೋ ಪಾಸ್‌ವರ್ಡ್ ಕೇಳುತ್ತಾ ಕಾದು ಕೂತಿದೆ.

ಲಿನಕ್ಸ್ ಕರ್ನಲ್ ಜೊತೆಗೇ ಬರುವ ಸೀರಿಯಲ್ ಕನ್ಸೋಲ್ ಟಿಪ್ಪಣಿಯಲ್ಲಿ ಈ ಕ್ರಮದ ವಿಷಯ ಸ್ಪಷ್ಟವಾಗಿದೆ. ಮಿಕೆಲ್ ವಾನ್ ಸ್ಮೂರೆನ್‌ಬರ್ಗ್ ಬರೆದದ್ದು, ಅಡಿಯಲ್ಲಿರುವ ತಾರೀಖು 2000ರ ಜೂನ್ 11. ಚಿಕ್ಕ ಟಿಪ್ಪಣಿ, ಒಂದು ಕಾಫಿ ಮುಗಿಯುವಷ್ಟರಲ್ಲಿ ಓದಿ ಮುಗಿಸಬಹುದು. ಓದು. ಒಂದು ಬಗೆಯ ಸಾಧನಕ್ಕೆ ಒಂದೇ ಕನ್ಸೋಲ್ ಎಂಬ ಮಾತೂ ಅದರಲ್ಲಿದೆ, ಅಂದರೆ ಎರಡು ಸೀರಿಯಲ್ ಪೋರ್ಟ್‌ಗಳನ್ನು ಒಟ್ಟಿಗೆ ಮಾತಾಡಿಸುವ ಆಸೆ ಇಟ್ಟುಕೊಳ್ಳಬೇಡ.

ಪೋರ್ಟಿನ ಹೆಸರು ಎಲ್ಲ ಕಡೆ ಒಂದೇ ಎಂದುಕೊಳ್ಳಬೇಡ. ಸಾಮಾನ್ಯ ಎಕ್ಸ್86 ವಿಎಂನಲ್ಲಿ ಕ್ಯೂಎಮು ತೋರಿಸುವುದು ಹಳೆಯ 16550ಎ ಚಿಪ್ಪಿನ ಅನುಕರಣೆ, ಅದು ಟಿಟಿವೈ-ಎಸ್-0. 64 ಬಿಟ್ ಆರ್ಮ್ ವಿಎಂನಲ್ಲಿ ಅದೇ ಜಾಗಕ್ಕೆ ಟಿಟಿವೈ-ಎಎಂಎ-0. ವರ್ಟಿಯೋ ಕನ್ಸೋಲ್ ಆದರೆ ಎಚ್‌ವಿಸಿ-0. ಜೆನ್‌ನ ಪ್ಯಾರಾವರ್ಚುವಲ್ ವಿಎಂಗಳಲ್ಲೂ ಅದೇ. ಒಂದು ಕಡೆಯ ಇಮೇಜ್ ಇನ್ನೊಂದು ಕಡೆ ಎತ್ತಿಟ್ಟು ‘ಅಲ್ಲಿ ಬರುತ್ತಿತ್ತು, ಇಲ್ಲಿ ಬರುತ್ತಿಲ್ಲ’ ಎನ್ನುವವರಿಗೆ ನಾನು ಮೊದಲು ಕೇಳುವುದು ಹೆಸರನ್ನೇ. ವೇಗದ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ: ನಿಜವಾದ ತಂತಿಯಲ್ಲಿ ವೇಗ ತಪ್ಪಿದರೆ ಅಕ್ಷರ ಕಲಸಿಹೋಗುತ್ತದೆ, ಕ್ಯೂಎಮು ಕೊಡುವ ಕೃತಕ ಪೋರ್ಟ್‌ನಲ್ಲಿ ಸಾಮಾನ್ಯವಾಗಿ ಹಾಗಾಗುವುದಿಲ್ಲ. ಗೂಗಲ್ ಕ್ಲೌಡ್‌ನ ಇಮೇಜ್‌ಗಳಲ್ಲಿ 38400 ಕಂಡರೆ ಗಾಬರಿಯಾಗಬೇಡ, ಅಲ್ಲಿ ಅದು ರೂಢಿ.

ಗೆಟ್ಟಿಯದು ಬೇರೆ ಕಥೆ. ಬೂಟ್ ಸಂದೇಶ ಎಲ್ಲ ಬಂದು ಲಾಗಿನ್ ಮಾತ್ರ ಬಾರದಿದ್ದರೆ ಸೀರಿಯಲ್-ಗೆಟ್ಟಿ ಸರ್ವೀಸ್ ನೋಡು. ಕರ್ನಲ್ ಕಮಾಂಡ್‌ಲೈನ್‌ನಲ್ಲಿ ಸೀರಿಯಲ್ ಹೆಸರಿದ್ದರೆ ಸಿಸ್ಟಮ್‌ಡಿ ತಾನೇ ಆ ಪೋರ್ಟ್‌ಗೆ ಗೆಟ್ಟಿ ಎಬ್ಬಿಸುತ್ತದೆ. ಇಲ್ಲದಿದ್ದರೆ ನಾವು ಕೈಯಾರೆ ಎನೇಬಲ್ ಮಾಡಬೇಕು. ಹಿಂದೆ ಯಾರೋ ‘ಭದ್ರತೆಗಾಗಿ’ ಎಂದು ಅದನ್ನು ಮಾಸ್ಕ್ ಮಾಡಿಟ್ಟಿರುವುದೂ ಉಂಟು. ಹಳೆಯ ಸಿಸ್ಟಮ್‌ಗಳಲ್ಲಿ ಲಾಗಿನ್ ಬಂದರೂ ರೂಟ್‌ಗೆ ಮಾತ್ರ ಪ್ರವೇಶ ಇಲ್ಲ ಎಂದರೆ /ಇಟಿಸಿ/ಸೆಕ್ಯೂರ್‌ಟಿಟಿವೈ ಪಟ್ಟಿಯಲ್ಲಿ ಆ ಪೋರ್ಟ್ ಇಲ್ಲ ಎಂದರ್ಥ.

ಈಗ, ಮಾತಲ್ಲ, ಮಷೀನೇ ನಿಂತಿದೆ ಎಂದು ಖಚಿತವಾಯಿತು ಎನ್ನು. ಮೊದಲ ಅನುಮಾನ ಎಫ್‌ಎಸ್‌ಟ್ಯಾಬ್ ಮೇಲೆ ಇರಲಿ. ಕೆಂಪು ನಕ್ಷತ್ರಗಳು ಅತ್ತಿಂದಿತ್ತ ಓಡಾಡುತ್ತಿರುತ್ತವೆ, ಪಕ್ಕದಲ್ಲಿ ‘ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್’ ಎಂಬ ಸಾಲು, ಕೊನೆಯಲ್ಲಿ ಸೆಕೆಂಡುಗಳ ಎಣಿಕೆ, ಅದರ ಮಿತಿ 1 ನಿಮಿಷ 30 ಸೆಕೆಂಡು. ಆ ಸಾಲಿನಲ್ಲಿ ಒಂದು ಡಿಸ್ಕಿನ ಉದ್ದದ ಯುಯುಐಡಿ ಇರುತ್ತದೆ. ಅದನ್ನು ಬರೆದಿಟ್ಟುಕೊ. ಸಿಸ್ಟಮ್‌ಡಿ ಆ ಡಿಸ್ಕ್ ಬರಲಿ ಎಂದು 90 ಸೆಕೆಂಡು ಕಾಯುತ್ತದೆ, ಬಾರದಿದ್ದರೆ ಎಮರ್ಜೆನ್ಸಿ ಮೋಡ್‌ಗೆ ಇಳಿದು ರೂಟ್ ಪಾಸ್‌ವರ್ಡ್ ಕೇಳುತ್ತದೆ. ಆ ತಪ್ಪು ಎಂದೋ ನಡೆದುಹೋಗಿರುತ್ತದೆ. ತಿಂಗಳುಗಳ ಹಿಂದೆ ಯಾರೋ ಒಂದು ಡೇಟಾ ಡಿಸ್ಕ್ ಸೇರಿಸಿ ಎಫ್‌ಎಸ್‌ಟ್ಯಾಬ್‌ನಲ್ಲಿ ಒಂದು ಸಾಲು ಬರೆದರು. ಆಮೇಲೆ ಇನ್ಯಾರೋ ಆ ಡಿಸ್ಕ್ ಬಿಚ್ಚಿದರು, ಸಾಲು ಉಳಿಯಿತು. ಆಮೇಲೆ ಕರ್ನಲ್ ಪ್ಯಾಚ್ ಹಾಕಿ ರೀಬೂಟ್ ಮಾಡಿದಾಗ ಬೈಗುಳ ಪ್ಯಾಚ್‌ಗೆ ಬೀಳುತ್ತದೆ. ಅದಕ್ಕೇ ಎಫ್‌ಎಸ್‌ಟ್ಯಾಬ್ ಮುಟ್ಟಿದ ದಿನವೇ ಫೈಂಡ್‌ಮೌಂಟ್‌ನ ವೆರಿಫೈ ಓಡಿಸಿ ಪರೀಕ್ಷಿಸು, ಬೂಟ್‌ಗೆ ಅಗತ್ಯವಿಲ್ಲದ ಡಿಸ್ಕ್‌ಗಳ ಸಾಲಿಗೆ ‘ನೋಫೇಲ್’ ಸೇರಿಸು.

ಎಮರ್ಜೆನ್ಸಿ ಮೋಡ್‌ನಲ್ಲಿ ಇನ್ನೊಂದು ಬೇಲಿ ಎದುರಾಗಬಹುದು. ಕ್ಲೌಡ್ ಇಮೇಜ್‌ಗಳಲ್ಲಿ ರೂಟ್ ಖಾತೆಗೆ ಬೀಗ ಹಾಕಿರುವುದೇ ಹೆಚ್ಚು. ಆಗ ‘ರೂಟ್ ಖಾತೆ ಲಾಕ್ ಆಗಿದೆ, ಕನ್ಸೋಲ್ ತೆರೆಯಲಾಗದು’ ಎಂಬ ಸಂದೇಶ ಬರುತ್ತದೆ, ಎಂಟರ್ ಒತ್ತಿದರೆ ಮತ್ತೆ ಅದೇ. ಆಗ ಗ್ರಬ್ ಮೆನುವಿಗೆ ವಾಪಸ್ ಹೋಗಬೇಕು. ‘ಇ’ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ಇನಿಟ್ ಜಾಗದಲ್ಲಿ ಬ್ಯಾಶ್ ಓಡಿಸು ಎಂದು ಸೇರಿಸಿ ಬೂಟ್ ಮಾಡಬೇಕು. ಸೀರಿಯಲ್‌ನಲ್ಲಿ ಫಂಕ್ಷನ್ ಕೀಗಳನ್ನು ನಂಬಬೇಡ, ಎಫ್10 ಬದಲು ಕಂಟ್ರೋಲ್-ಎಕ್ಸ್ ಒತ್ತು. ಇಲ್ಲೂ ಆ ಕ್ರಮದ ಮಾತು ನೆನಪಿಡು: ಬ್ಯಾಶ್ ತೆರೆಯುವುದು ಕೊನೆಯ ‘ಕನ್ಸೋಲ್=’ ಎಲ್ಲಿದೆಯೋ ಅಲ್ಲಿ. ಪರದೆ ಕೊನೆಯಲ್ಲಿದ್ದರೆ ಶೆಲ್ ಅಲ್ಲಿ ಬಂದು ನಿಂತಿರುತ್ತದೆ, ನೀನು ಸೀರಿಯಲ್ ಮುಂದೆ ಕಾಯುತ್ತಿರುತ್ತೀಯ. ಅದೇ ಎಡಿಟ್‌ನಲ್ಲಿ ಸೀರಿಯಲ್ ಅನ್ನು ಕೊನೆಗೆ ತಂದುಬಿಡು, ಜೊತೆಗೆ ‘ಕ್ವೈಟ್’, ‘ಸ್ಪ್ಲ್ಯಾಶ್’, ‘ಆರ್‌ಎಚ್‌ಜಿಬಿ’ ಇದ್ದರೆ ಅಳಿಸು. ಶೆಲ್ ಸಿಕ್ಕಮೇಲೆ ರೂಟ್ ಫೈಲ್‌ಸಿಸ್ಟಮ್ ಓದಲು ಮಾತ್ರ ಎಂಬ ಸ್ಥಿತಿಯಲ್ಲಿರಬಹುದು; ಬರೆಯುವಂತೆ ರೀಮೌಂಟ್ ಮಾಡಿಕೊಂಡು ತಿದ್ದು. ಎಸ್‌ಇಲಿನಕ್ಸ್ ಇರುವ ಮಷೀನ್ ಆದರೆ ರೀಬೂಟ್‌ಗೆ ಮುಂಚೆ ರೂಟ್‌ನಲ್ಲಿ ‘.ಆಟೋರೀಲೇಬಲ್’ ಎಂಬ ಖಾಲಿ ಫೈಲ್ ಇಡುವುದನ್ನು ಮರೆಯಬೇಡ. ಮರೆತರೆ ತಿದ್ದಿದ ಫೈಲಿನ ಲೇಬಲ್ ತಪ್ಪಿ ಹೊಸದೊಂದು ತಂಟೆ ಶುರುವಾಗಬಹುದು.

ಇನ್ನೆರಡು ಮುಖ ಪರಿಚಯವಿರಲಿ. ‘ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್’ ಎಂದು ಕರ್ನಲ್ ಪ್ಯಾನಿಕ್ ಆಗಿ, ಪಕ್ಕದಲ್ಲಿ 0,0 ಎಂದಿದ್ದರೆ ಬಹುಪಾಲು ಇನಿಟ್‌ರಾಮ್‌ಎಫ್‌ಎಸ್ ಇಲ್ಲ ಅಥವಾ ಅರ್ಧಂಬರ್ಧ ಇದೆ. /ಬೂಟ್ ತುಂಬಿಹೋಗಿ ಹೊಸ ಕರ್ನಲ್ ಅರ್ಧಕ್ಕೆ ಇನ್‌ಸ್ಟಾಲ್ ಆದಾಗ ಹೀಗಾಗುತ್ತದೆ. ಗ್ರಬ್‌ನಲ್ಲಿ ಹಿಂದಿನ ಕರ್ನಲ್ ಆರಿಸಿ ಮೇಲೆ ಬಾ, /ಬೂಟ್‌ನಲ್ಲಿ ಜಾಗ ಮಾಡು, ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಕಟ್ಟಿಸು. ಇನ್ನೊಂದು, ಡ್ರೇಕಟ್ ‘ಟೈಮ್‌ಔಟ್’, ‘ಟೈಮ್‌ಔಟ್’ ಎಂದು ಸಾಲುಸಾಲಾಗಿ ಬರೆದು ಕೊನೆಗೆ ತನ್ನದೇ ಶೆಲ್‌ಗೆ ಬೀಳುವುದು. ವಿಎಂವೇರ್‌ನಿಂದ ಕೆವಿಎಂಗೆ ತಂದ ಮಷೀನ್‌ಗಳಲ್ಲಿ ಇದನ್ನು ಹೆಚ್ಚು ನೋಡುತ್ತೀಯ. ಡ್ರೇಕಟ್ ಹೋಸ್ಟ್-ಓನ್ಲಿ ರೀತಿಯಲ್ಲಿ ಕಟ್ಟಿದ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ ಅವತ್ತಿನ ಹಾರ್ಡ್‌ವೇರ್‌ಗೆ ಬೇಕಾದ ಡ್ರೈವರ್‌ಗಳಷ್ಟೇ ಇರುತ್ತವೆ, ವರ್ಟಿಯೋ ಡ್ರೈವರ್ ಇರುವುದಿಲ್ಲ. ಡಿಸ್ಕ್ ಅಲ್ಲೇ ಇದೆ, ನೋಡುವ ಕಣ್ಣಿಲ್ಲ. ಮೆನುವಿನಲ್ಲಿ ರೆಸ್ಕ್ಯೂ ಎಂಬ ಎಂಟ್ರಿ ಇದ್ದರೆ ಅದರಿಂದ ಬೂಟ್ ಮಾಡು, ಅದನ್ನು ಎಲ್ಲ ಡ್ರೈವರ್ ಸೇರಿಸಿಯೇ ಕಟ್ಟಿರುತ್ತಾರೆ. ಮೇಲೆ ಬಂದ ನಂತರ ವರ್ಟಿಯೋ ಸೇರಿಸಿ ಹೊಸದನ್ನು ಕಟ್ಟು. ಸಾಗಿಸುವ ಮೊದಲೇ ಕಟ್ಟಿದ್ದರೆ ಈ ರಾತ್ರಿಯೇ ಬರುತ್ತಿರಲಿಲ್ಲ.

ನೆಟ್‌ವರ್ಕ್ ಬರಲಿ ಎಂದು 2 ನಿಮಿಷ ಕಾಯುವ ಸರ್ವೀಸ್ ಕಂಡರೆ ಸುಮ್ಮನೆ ಕಾಯಿ, ಅದು ತಾನಾಗಿ ಮುಂದೆ ಹೋಗುತ್ತದೆ. ಕರ್ನಲ್‌ನ ಮೊದಲ ಸಾಲೂ ಬಾರದಿದ್ದರೆ ಮಾತ್ರ ‘ಅರ್ಲಿಪ್ರಿಂಟ್‌ಕೆ’ ಸೂಚನೆ ಸೇರಿಸಿ ನೋಡು. ಸೀರಿಯಲ್ ಡ್ರೈವರ್ ಏಳುವ ಮೊದಲೇ ಕರ್ನಲ್ ಬಿದ್ದಿದ್ದರೆ ಅದರ ಮಾತು ಕೇಳಲು ಇರುವ ದಾರಿ ಅದು.

ಗ್ರಬ್ ಮೆನುವೇ ಕೈಗೆ ಸಿಗದಿದ್ದರೆ ಡಿಸ್ಕನ್ನು ಹೊರಗಿನಿಂದ ತೆರೆಯಬೇಕು. ಲಿಬ್‌ಗೆಸ್ಟ್‌ಎಫ್‌ಎಸ್ ಉಪಕರಣಗಳಲ್ಲಿ ವರ್ಟ್-ಕ್ಯಾಟ್‌ನಿಂದ ಫೈಲ್ ಓದಬಹುದು, ವರ್ಟ್-ಎಡಿಟ್‌ನಿಂದ ಎಫ್‌ಎಸ್‌ಟ್ಯಾಬ್ ತಿದ್ದಬಹುದು. ಇಲ್ಲಿ ಮಾತ್ರ ನಾನು ಕಟ್ಟುನಿಟ್ಟು: ವಿಎಂ ಪೂರ್ತಿ ಆಫ್ ಆಗಿರಬೇಕು. ಓಡುತ್ತಿರುವ ವಿಎಂನ ಡಿಸ್ಕಿಗೆ ಹೊರಗಿನಿಂದ ಬರೆದರೆ ಫೈಲ್‌ಸಿಸ್ಟಮ್ ಹಾಳಾಗುತ್ತದೆ, ಅದರಲ್ಲಿ ಚೌಕಾಶಿಗೆ ಜಾಗವಿಲ್ಲ. ಸ್ನ್ಯಾಪ್‌ಶಾಟ್ ತೆಗೆದುಕೊಂಡೇ ಕೈ ಹಾಕು.

ತಿದ್ದಿದ್ದು ಉಳಿಯಬೇಕಲ್ಲ. ಗ್ರಬ್ ಮೆನುವಿನಲ್ಲಿ ಮಾಡಿದ ಎಡಿಟ್ ಆ ಒಂದು ಬೂಟ್‌ಗಷ್ಟೇ. /ಇಟಿಸಿ/ಡೀಫಾಲ್ಟ್/ಗ್ರಬ್‌ನಲ್ಲಿ ಬರೆದು ಗ್ರಬ್ ಸಂರಚನೆ ಮತ್ತೆ ಹುಟ್ಟಿಸಿದರೂ ಏನೂ ಬದಲಾಗಲಿಲ್ಲ ಎಂದು ಹುಡುಗರು ತಲೆ ಚಚ್ಚಿಕೊಳ್ಳುವುದನ್ನು ನೋಡಿದ್ದೇನೆ. ಉಬುಂಟು ಕ್ಲೌಡ್ ಇಮೇಜ್ ಆದರೆ ಪಕ್ಕದ ಗ್ರಬ್.ಡಿ ಡೈರೆಕ್ಟರಿಯಲ್ಲಿ 50ರಿಂದ ಶುರುವಾಗುವ ಕ್ಲೌಡ್ ಸೆಟ್ಟಿಂಗ್ಸ್ ಫೈಲ್ ಇರುತ್ತದೆ, ಅದರ ಮಾತೇ ಮೇಲು. ನಿನ್ನ ಸಾಲನ್ನು ಅದು ಒರೆಸಿಹಾಕುತ್ತದೆ. ರೆಡ್ ಹ್ಯಾಟ್ 8 ಮತ್ತು ಅದರ ನಂತರದವುಗಳಲ್ಲಿ ಒಂದೊಂದು ಕರ್ನಲ್‌ಗೂ /ಬೂಟ್‌ನ ಲೋಡರ್ ಡೈರೆಕ್ಟರಿಯಲ್ಲಿ ಬೇರೆ ಬೇರೆ ಎಂಟ್ರಿ ಫೈಲ್ ಇದೆ, ಅಲ್ಲಿ ಗ್ರಬ್ಬಿ ಬಳಸುವುದೇ ಸರಿಯಾದ ದಾರಿ. ಯಾವುದನ್ನೇ ಬಳಸಿದರೂ ಬೂಟ್ ಆದ ಮೇಲೆ /ಪ್ರಾಕ್/ಸಿಎಂಡಿಲೈನ್ ತೆರೆದು ಓದು. ಕರ್ನಲ್‌ಗೆ ನಿಜಕ್ಕೂ ತಲುಪಿದ್ದು ಏನು ಎಂಬುದು ಅಲ್ಲಿದೆ. /ಸಿಸ್ ಕೆಳಗೆ ಟಿಟಿವೈ ಕ್ಲಾಸಿನ ಕನ್ಸೋಲ್‌ನಲ್ಲಿ ‘ಆ್ಯಕ್ಟಿವ್’ ಎಂಬ ಫೈಲ್ ಇದೆ, ಅದರಲ್ಲಿ ಕೊನೆಗೆ ಬರುವ ಹೆಸರೇ /ಡೆವ್/ಕನ್ಸೋಲ್.

ಇದನ್ನೆಲ್ಲ ರಾತ್ರಿ ಎರಡು ಗಂಟೆಗೆ ಮೊದಲ ಸಲ ಮಾಡಬೇಡ. ಹಗಲು ಹೊತ್ತು, ಎಲ್ಲ ನೆಟ್ಟಗಿರುವಾಗ, ನಿನ್ನ ಪಾಲಿಗೆ ಬಂದ ಒಂದೊಂದು ವಿಎಂ ಕನ್ಸೋಲ್‌ಗೂ ಹೋಗಿ ಲಾಗಿನ್ ಸಿಗುತ್ತದೆಯೇ ನೋಡು. ಗ್ರಬ್‌ಗೆ ಸೀರಿಯಲ್ ಟರ್ಮಿನಲ್ ಕೊಟ್ಟು ಮೆನು ಐದಾರು ಸೆಕೆಂಡು ನಿಲ್ಲುವಂತೆ ಮಾಡಿಡು. ಸೊನ್ನೆ ಸೆಕೆಂಡಿನ ಮೆನುವನ್ನು ಯಾರೂ ಹಿಡಿಯಲಾರರು. ವರ್ಶ್ ಸ್ಟಾರ್ಟ್ ಜೊತೆಗೇ ಕನ್ಸೋಲ್ ಆಯ್ಕೆ ಕೊಟ್ಟರೆ ಮೊದಲ ಸಾಲಿನಿಂದಲೇ ನೋಡಬಹುದು. ಅದಕ್ಕಿಂತ ಒಳ್ಳೆಯದು, ವಿಎಂನ ಎಕ್ಸ್‌ಎಂಎಲ್‌ನಲ್ಲಿ ಸೀರಿಯಲ್ ಕೆಳಗೆ ಲಾಗ್ ಫೈಲ್ ಹೆಸರು ಕೊಟ್ಟು, ಹಿಂದಿನದು ಅಳಿಯದಂತೆ ಅಪೆಂಡ್ ಆನ್ ಮಾಡು. ಆಗ ನೀನು ಸೇರುವ ಮೊದಲು ಆಡಿದ ಮಾತುಗಳೂ ಹೋಸ್ಟ್‌ನಲ್ಲಿ ಉಳಿದಿರುತ್ತವೆ. ಎಷ್ಟೋ ರಾತ್ರಿಗಳಲ್ಲಿ ನನಗೆ ಉತ್ತರ ಸಿಕ್ಕಿದ್ದು ಆ ಫೈಲಿನಲ್ಲೇ.

ಕ್ಲೌಡ್‌ನಲ್ಲಿರುವ ಮಷೀನ್‌ಗಳಿಗೂ ಹೀಗೇ ಮುಂಚಿತವಾಗಿ ಸಿದ್ಧತೆ ಬೇಕು. ಗೂಗಲ್‌ನಲ್ಲಿ ಸೀರಿಯಲ್ ಪೋರ್ಟ್‌ಗೆ ಕೈ ಹಾಕುವ ಅನುಮತಿ ಮೊದಲಿಗೆ ಆಫ್ ಇರುತ್ತದೆ, ಮೆಟಾಡೇಟಾದಲ್ಲಿ ಆನ್ ಮಾಡಬೇಕು. ಅಮೆಜಾನ್‌ನಲ್ಲಿ ಈ ಸೌಲಭ್ಯ ಬಂದದ್ದು 2021ರಲ್ಲಿ, ನೈಟ್ರೋ ಆಧಾರದ ಇನ್‌ಸ್ಟನ್ಸ್‌ಗಳಿಗೆ. ಅಕೌಂಟ್ ಮಟ್ಟದಲ್ಲಿ ತೆರೆಯಬೇಕು. ಅಜೂರ್‌ನಲ್ಲಿ ಬೂಟ್ ಡಯಾಗ್ನಾಸ್ಟಿಕ್ಸ್ ಆನ್ ಇರಬೇಕು. ಮೂರರಲ್ಲೂ ಲಾಗಿನ್ ಪ್ರಾಂಪ್ಟ್ ಬಂದರೆ ಪಾಸ್‌ವರ್ಡ್ ಬೇಕು, ಎಸ್‌ಎಸ್‌ಎಚ್ ಕೀ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಕೀ ಮಾತ್ರ ಇಟ್ಟುಕೊಂಡು ಪಾಸ್‌ವರ್ಡ್ ಇರುವ ಒಬ್ಬ ಬಳಕೆದಾರನನ್ನೂ ಮಾಡಿಡದ ತಂಡಗಳು ಸೀರಿಯಲ್ ತನಕ ಬಂದು ಬಾಗಿಲಲ್ಲೇ ನಿಲ್ಲುತ್ತವೆ. ಅಂಥ ಒಬ್ಬ ಬಳಕೆದಾರ ಇರಲಿ, ಪಾಸ್‌ವರ್ಡ್ ಉದ್ದವಾಗಿರಲಿ, ವಾಲ್ಟ್‌ನಲ್ಲಿ ಭದ್ರವಾಗಿರಲಿ.

ವರ್ಶ್ ಕನ್ಸೋಲ್‌ನಲ್ಲಿ ಕೆಲಸ ಮುಗಿದ ಮೇಲೆ ಬರೀ ಕಂಟ್ರೋಲ್ ಜೊತೆ ಮುಚ್ಚುವ ಚೌಕಾವರಣ ಒತ್ತಿ ಎದ್ದುಹೋಗಬೇಡ. ಅದರಿಂದ ನೀನು ಹೊರಗೆ ಬರುತ್ತೀಯ, ನಿನ್ನ ಸೆಷನ್ ಬರುವುದಿಲ್ಲ. ನೀನು ಬಿಟ್ಟುಬಂದ ರೂಟ್ ಶೆಲ್ ಅಲ್ಲೇ ತೆರೆದಿರುತ್ತದೆ, ಮುಂದೆ ಯಾರು ಆ ಕನ್ಸೋಲ್‌ಗೆ ಸೇರಿದರೂ ಪಾಸ್‌ವರ್ಡ್ ಇಲ್ಲದೆ ಅವರ ಕೈಗೆ ಸಿಗುತ್ತದೆ. ಎಕ್ಸಿಟ್ ಎಂದು ಬರೆದು, ಲಾಗಿನ್ ಪ್ರಾಂಪ್ಟ್ ವಾಪಸ್ ಬಂದದ್ದನ್ನು ಕಣ್ಣಾರೆ ನೋಡಿ, ಆಮೇಲೆ ಹೊರಗೆ ಬಾ.